ತಮ್ಮನ ಹೆಸರು ಆ ಪಟ್ಟಿಯಲ್ಲಿತ್ತಾ?

ಖಾನಾಪುರದ ಅಕ್ಕ

ಎಲ್ಲರಿಗೂ ವಂದನೆ. ಇಲ್ಲಿ ಸುಮಾರು ದಿನಗಳಿಂದ ಓದುತ್ತಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ಮಾರ್ಚ್‌ನಲ್ಲಿ ನನ್ನ ತಮ್ಮ ತೀರಿಕೊಂಡ. 31 ವರ್ಷ. ಬೆಳಗಾವಿಗೆ ಬೈಕ್ ಮೇಲೆ ಹೊರಟಿದ್ದ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲ್ಲ.

ಅವನು ಆರು ವರ್ಷದಿಂದ ಚರ್ಚಿಗೆ ಬರುತ್ತಿರಲಿಲ್ಲ. ದೇವರಿಲ್ಲ ಅಂತೇನೂ ಅಂದವನಲ್ಲ. ಅವನ ಮದುವೆ ವಿಷಯಕ್ಕೆ ಕಮಿಟಿಯವರ ಜೊತೆ ಜಗಳ ಆಗಿತ್ತು. ಅವತ್ತು ಎದ್ದು ಹೋದವನು ಮತ್ತೆ ಒಳಗೆ ಕಾಲಿಡಲಿಲ್ಲ. ಕ್ರಿಸ್‌ಮಸ್ ದಿನ ಅವ್ವನನ್ನು ಗೇಟಿನ ತನಕ ಬಿಟ್ಟು, ಆರಾಧನೆ ಮುಗಿಯುವವರೆಗೂ ಎದುರಿನ ಚಹಾದಂಗಡಿಯಲ್ಲಿ ಕೂತಿರುತ್ತಿದ್ದ.

ಸ್ಮರಣೆಯ ಪ್ರಾರ್ಥನೆಗೆ ಸಂಬಂಧಿಕರು ಒಬ್ಬ ಬೋಧಕರನ್ನು ಕರೆತಂದಿದ್ದರು. ನಮ್ಮ ಸಭೆಯವರಲ್ಲ. ಅವರು ಅವ್ವನ ಎದುರಿಗೇ ಹೇಳಿದರು: ದೇವರು ಆರಿಸಿಕೊಂಡವರು ಕೊನೆಯ ತನಕ ನಿಲ್ಲುತ್ತಾರೆ, ಬಿಟ್ಟು ಹೋದವರು ಮೊದಲಿನಿಂದಲೂ ನಮ್ಮವರಾಗಿರಲಿಲ್ಲ, ಲೋಕ ಹುಟ್ಟುವ ಮೊದಲೇ ಪಟ್ಟಿ ತಯಾರಾಗಿದೆ ಅಂತ. ಯೋಹಾನನ ಮೊದಲನೆಯ ಪತ್ರಿಕೆಯಿಂದ ಒಂದು ವಚನ ಓದಿದರು. ಚಹಾ ಕುಡಿದು ಹೋದರು.

ಅಂದಿನಿಂದ ಅವ್ವ ಕರ್ತನ ಭೋಜನ (ಯೇಸುವಿನ ನೆನಪಿಗೆ ಚರ್ಚಿನಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳುತ್ತಿಲ್ಲ. ಚರ್ಚಿಗೆ ಬರುತ್ತಾಳೆ. ಅದರ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ಹೊರಗೆ ಚಪ್ಪಲಿ ಬಿಟ್ಟ ಜಾಗದಲ್ಲಿ ನಿಲ್ಲುತ್ತಾಳೆ. ಯಾಕವ್ವ ಅಂದರೆ, "ಅವನ ಹೆಸರಿಲ್ಲದ ಪಟ್ಟ್ಯಾಗ ನಂದ್ಯಾಕ ಬೇಕು" ಅನ್ನುತ್ತಾಳೆ.

ನಾನು ಹುಟ್ಟಿದ್ದು ಮೆಥೋಡಿಸ್ಟ್ ಮನೆಯಲ್ಲಿ, ಕೊಟ್ಟಿದ್ದು ಗುಳೇದಗುಡ್ಡದ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮನೆಗೆ. ಎರಡೂ ಕಡೆ ಈ ಮಾತು ಯಾರೂ ಎತ್ತಿದ್ದು ಕೇಳಿಲ್ಲ. ದೇವರು ನಿಜವಾಗಿಯೂ ಕೆಲವರನ್ನು ಆರಿಸಿಕೊಂಡು ಉಳಿದವರನ್ನು ಬಿಟ್ಟಿದ್ದಾನಾ? ಸರಳವಾಗಿ ಹೇಳಿ. ವಿಡಿಯೋ ಲಿಂಕ್ ಮಾತ್ರ ಬೇಡ.

ಕುಂದಾ ಪ್ರಿಯ

ಅಕ್ಕಾ, ಓದಿ ಹೊಟ್ಟೆ ಕಿವುಚಿದಂತಾಯಿತು. ಮೊದಲು ಅವ್ವನಿಗೆ ಇಷ್ಟು ಹೇಳಿ: ಆ ಬೋಧಕರು ಹೇಳಿದ್ದು ಕ್ರೈಸ್ತರೆಲ್ಲರ ಮಾತಲ್ಲ. ನಮ್ಮ ಮೆಥೋಡಿಸ್ಟ್ ಸಭೆಯ ಮೂಲವೇ ಆ ಮಾತಿಗೆ ವಿರುದ್ಧ. ಅದನ್ನು ಶುರುಮಾಡಿದ ಜಾನ್ ವೆಸ್ಲಿ 1739ರಲ್ಲೇ ಇದರ ಮೇಲೆ ಒಂದು ಖಾರವಾದ ಪ್ರಸಂಗ ಮಾಡಿದ್ದ. ಕೃಪೆ ಎಲ್ಲರಲ್ಲೂ ಉಚಿತ, ಎಲ್ಲರಿಗಾಗಿ ಉಚಿತ ಅನ್ನುವುದೇ ಅದರ ತಿರುಳು. ದೇವರು ಕೆಲವರನ್ನು ನಾಶಕ್ಕೆ ಅಂತಲೇ ಗೊತ್ತುಮಾಡಿದ್ದರೆ ಅವನು ಸೈತಾನನಿಗಿಂತ ಕ್ರೂರಿ ಆದ ಹಾಗಾಯ್ತು ಅಂತ ಕೇಳಿಬಿಟ್ಟಿದ್ದ.

ವಚನ ಬೇಕಾ? ಎಲ್ಲಾ ಮನುಷ್ಯರು ರಕ್ಷಣೆ ಹೊಂದಬೇಕೆಂಬುದೇ ದೇವರ ಚಿತ್ತ, 1 ತಿಮೊಥೆಯ 2:4. ಯಾರೊಬ್ಬರೂ ನಾಶವಾಗುವುದು ಅವನಿಗೆ ಇಷ್ಟವಿಲ್ಲ, 2 ಪೇತ್ರ 3:9. ಯೋಹಾನ 3:16 ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ "ಮುಂದಾಗಿ ಗೊತ್ತುಮಾಡಿದ" ಅನ್ನೋದು ಯಾಕಿದೆ? ರೋಮಾಪುರದವರಿಗೆ 8:29 ನೋಡಿ, ಮೊದಲು "ಮುಂದಾಗಿ ತಿಳಿದುಕೊಂಡ" ಅಂತ ಬರುತ್ತೆ, ಆಮೇಲೆ ಗೊತ್ತುಮಾಡುವ ಮಾತು. ಯಾರು ನಂಬುತ್ತಾರೆ ಅಂತ ದೇವರಿಗೆ ಮೊದಲೇ ಗೊತ್ತು, ಅಷ್ಟೇ. ಒಂದು ತಟ್ಟೆಯಲ್ಲಿ ಕುಂದಾ, ಇನ್ನೊಂದರಲ್ಲಿ ಗೋಕಾಕದ ಕರದಂಟು ಇಟ್ಟರೆ ನನ್ನ ಮಗ ಯಾವುದಕ್ಕೆ ಕೈ ಹಾಕುತ್ತಾನೆ ಅಂತ ನನಗೆ ಗೊತ್ತು. ನಾನು ಅವನ ಕೈ ಹಿಡಿದು ಹಾಕಿಸಿದ್ದಲ್ಲವಲ್ಲ.

ಡೋರ್ಟ್ ಹುಡುಗ

ಸಹೋದರಿ, ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ. ಆದರೆ ಸತ್ಯವನ್ನು ಸಿಹಿ ಮಾಡಿ ಕೊಡೋಕಾಗಲ್ಲ. ಕುಂದಾ ಅಣ್ಣ ಹೇಳಿದ್ದು ಕೇಳೋಕೆ ಚಂದ, ಸತ್ಯವೇದ ಹಾಗೆ ಹೇಳಲ್ಲ.

ತಂದೆ ಎಳೆಯದ ಹೊರತು ಯಾರೂ ನನ್ನ ಹತ್ತಿರ ಬರಲಾರರು ಅಂತ ಯೇಸುವೇ ಹೇಳಿದ್ದು, ಯೋಹಾನ 6:44. ಲೋಕದ ಅಸ್ತಿವಾರ ಹಾಕುವ ಮೊದಲೇ ನಮ್ಮನ್ನು ಕ್ರಿಸ್ತನಲ್ಲಿ ಆರಿಸಿಕೊಂಡ, ಎಫೆಸ 1:4. ಅವಳಿ ಮಕ್ಕಳಾದ ಯಾಕೋಬ ಏಸಾವ ಇನ್ನೂ ಹುಟ್ಟಿರಲಿಲ್ಲ, ಒಳ್ಳೆಯದು ಕೆಟ್ಟದ್ದು ಏನೂ ಮಾಡಿರಲಿಲ್ಲ, ಆಗಲೇ ದೇವರು ಆರಿಸಿದ. ರೋಮಾಪುರ 9:11 ಓದಿ. "ಮುಂದೆ ಏನು ಮಾಡ್ತಾರೆ ಅಂತ ನೋಡಿ ಆರಿಸಿದ" ಅನ್ನೋ ಬಾಗಿಲನ್ನು ಆ ಪತ್ರ ಬರೆದ ಪೌಲ ಅಲ್ಲೇ ಮುಚ್ಚಿದ್ದಾನೆ. ನಾವು ಪಾಪದಲ್ಲಿ ಸತ್ತವರು, ಕಾಯಿಲೆಯವರಲ್ಲ. ಸತ್ತವನು ಕೈ ಚಾಚಿ ಔಷಧಿ ತಗೋತಾನಾ?

1610ರಲ್ಲಿ, ಈ ಆಯ್ಕೆಯ ಮಾತನ್ನು ಪ್ರಶ್ನಿಸಿದ ಹಾಲೆಂಡಿನ ಬೋಧಕ ಅರ್ಮಿನಿಯಸ್‌ನ ಶಿಷ್ಯರು ಐದು ಆಕ್ಷೇಪಣೆ ಬರೆದುಕೊಟ್ಟರು. ಹಾಲೆಂಡಿನ ಡೋರ್ಟ್ ಊರಿನಲ್ಲಿ 1618ರಿಂದ 1619ರ ತನಕ ಸಭೆ ಕೂತು ಒಂದೊಂದಕ್ಕೂ ಉತ್ತರ ಕೊಟ್ಟಿತು. ಈಗ ಎಲ್ಲರೂ, ಈ ಆಯ್ಕೆಯನ್ನು ಕಲಿಸಿದ ಸುಧಾರಕ ಕ್ಯಾಲ್ವಿನ್‌ನ ಐದು ಅಂಶ ಅನ್ನುವುದು ಅದನ್ನೇ. ಹಳೇ ಚರ್ಚೆ ಇದು, ತೀರ್ಮಾನ ಆಗಿದೆ.

ನವನಗರ ಮುಳುಗಡೆ

ಏ ತಮ್ಮಾ, ನಿಲ್ಲು ಸ್ವಲ್ಪ. ಆ ತಂಗಿ ಸತ್ತ ತಮ್ಮನ ಬಗ್ಗೆ ಕೇಳಿದ್ದಾಳೆ. ನೀನು ಹಾಲೆಂಡಿನ ಮೀಟಿಂಗ್ ನಡಾವಳಿ ಓದ್ತಿದ್ದೀಯ.

ನಾವು ಹಳೇ ಬಾಗಲಕೋಟೆಯವರು. ಆಲಮಟ್ಟಿ ಹಿನ್ನೀರು ಬಂತು, ಮನೆ ಬಿಟ್ಟು ನವನಗರಕ್ಕೆ ಬಂದೆವು. ಪಟ್ಟಿ ಅಂದರೆ ಏನು ಅಂತ ನಮ್ಮನ್ನು ಕೇಳು. ನಮ್ಮ ಸಾಲಿನ ಮನೆಯೆಲ್ಲ ಪರಿಹಾರದ ಪಟ್ಟಿಯಲ್ಲಿ, ನಮ್ಮ ಕಾಕಾನ ಮನೆ ಮಾತ್ರ ಇಲ್ಲ. ಒಂದೇ ಗೋಡೆ ನಡುವೆ. ಕಾಕಾ ನಾಲ್ಕು ವರ್ಷ ಓಡಾಡಿದ. ಸಾಯುವಾಗಲೂ ಆ ಫೈಲ್ ದಿಂಬಿನ ಕೆಳಗೆ ಇತ್ತು. ನಿನ್ನ ದೇವರೂ ಹಾಗೇ ಪಟ್ಟಿ ಮಾಡೋನಾದರೆ ನನಗೆ ಆ ಆಫೀಸ್ ಬೇಡಪ್ಪ.

ಡೋರ್ಟ್ ಹುಡುಗ

ಅಣ್ಣ, ಒಂದು ವ್ಯತ್ಯಾಸ ಇದೆ. ಪರಿಹಾರ ನಿಮ್ಮ ಹಕ್ಕಾಗಿತ್ತು. ರಕ್ಷಣೆ ಯಾರ ಹಕ್ಕೂ ಅಲ್ಲ. ಎಲ್ಲರೂ ತಪ್ಪಿತಸ್ಥರಾಗಿರುವಾಗ ಒಬ್ಬನನ್ನು ಕ್ಷಮಿಸಿದರೆ ಇನ್ನೊಬ್ಬನಿಗೆ ಅನ್ಯಾಯ ಆಗಲ್ಲ.

ನವನಗರ ಮುಳುಗಡೆ

ಇಬ್ಬರು ಬಾವಿಗೆ ಬಿದ್ದಿದ್ದಾರೆ, ನಿನ್ನ ಕೈಯಲ್ಲಿ ಇಬ್ಬರಿಗೂ ಸಾಕಾಗುವ ಹಗ್ಗ ಇದೆ. ಒಬ್ಬನನ್ನೇ ಎತ್ತಿ, ಇನ್ನೊಬ್ಬನಿಗೆ ನಾನು ಅನ್ಯಾಯ ಮಾಡಿಲ್ಲ ಅಂತ ಹೇಳಿ ಮನೆಗೆ ಹೋಗ್ತೀಯಾ?

(ಉತ್ತರ ಬೇಡ. ನನಗೆ ಬಿಪಿ ಇದೆ.)

ನಿವೃತ್ತ ಕನ್ನಡ ಮೇಷ್ಟ್ರು

ನಾನು ಗುಳೇದಗುಡ್ಡದವ. ಈ ಜಗಳ ನಮ್ಮ ಕಡೆ ಹೇಗೆ ಬಂತು ಅನ್ನೋದು ಸ್ವಲ್ಪ ತಮಾಷೆಯಾಗಿದೆ, ಹೇಳುತ್ತೇನೆ.

ಬೆಳಗಾವಿಗೆ 1820ರಲ್ಲಿ ಬಂದದ್ದು ಲಂಡನ್ ಮಿಷನ್. ಅದರಲ್ಲಿ ಹೆಚ್ಚಿನವರು ಕಾಂಗ್ರಿಗೇಷನಲ್ ಸಭೆಯವರು, ಕ್ಯಾಲ್ವಿನ್‌ನ ಗಾಳಿಯಲ್ಲಿ ಬೆಳೆದವರು. 1904ರಲ್ಲಿ ಅವರು ತಮ್ಮ ಬೆಳಗಾವಿ ಕೆಲಸವನ್ನು ಅಮೆರಿಕದ ಮೆಥೋಡಿಸ್ಟರಿಗೆ ಒಪ್ಪಿಸಿದರು. ಮೆಥೋಡಿಸ್ಟರು ವೆಸ್ಲಿಯ ಕಡೆಯವರು. ಅಂದರೆ ಅದೇ ಬೆಂಚು, ಅದೇ ಜನ, ಒಪ್ಪಂದ ಆದ ಮಾರನೇ ದಿನದಿಂದ ದೇವರ ಆಯ್ಕೆಯ ಬಗ್ಗೆ ಉಲ್ಟಾ ಪಾಠ! ಬೆಂಚಿನ ಮೇಲೆ ಕೂತವರಿಗೆ ಅದು ಗೊತ್ತಾಗಿದ್ದು ನನಗೆ ಅನುಮಾನ. ಅವರಿಗೆ ಬರ, ಪ್ಲೇಗು, ಸಾಲ ಇವೇ ಸಾಕಾಗಿದ್ದವು.

ನಮ್ಮ ಗುಳೇದಗುಡ್ಡಕ್ಕೆ 1851ರಲ್ಲಿ ಬಂದದ್ದು ಬಾಸೆಲ್ ಮಿಷನ್, ಸ್ವಿಟ್ಜರ್ಲೆಂಡಿನದು. ಆದರೆ ಅವರು ಕಳಿಸಿದವರಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಲೂಥರನ್ನರು. ಲೂಥರನ್ನರ ಲೆಕ್ಕ ಇನ್ನೊಂದು. 1577ರ ಅವರ ಒಪ್ಪಂದ ಪತ್ರದ ಪ್ರಕಾರ ಆಯ್ಕೆ ಇದೆ, ಅದು ರಕ್ಷಣೆಗೆ ಮಾತ್ರ. ನಾಶಕ್ಕೆ ಆಯ್ಕೆ ಅನ್ನೋದು ಇಲ್ಲ. ಉಳಿದವನು ದೇವರ ಕೃಪೆಯಿಂದ ಉಳಿದ, ಕಳೆದುಹೋದವನು ತನ್ನ ತಪ್ಪಿನಿಂದ ಹೋದ. ಎರಡನ್ನೂ ತರ್ಕದಲ್ಲಿ ಗಂಟು ಹಾಕಬೇಡಿ ಅಂತ ಅಲ್ಲಿಗೇ ನಿಲ್ಲಿಸುತ್ತಾರೆ. ತರ್ಕಶಾಸ್ತ್ರಿಗಳಿಗೆ ಇದು ಹಿಡಿಸಲ್ಲ. ನನಗೆ ಹಿಡಿಸುತ್ತೆ.

ಇನ್ನು ಏಸಾವನ ವಿಷಯ. ರೋಮಾಪುರ 9:13ರ "ಏಸಾವನನ್ನು ದ್ವೇಷಿಸಿದೆ" ಅನ್ನೋದು ಪೌಲ ಮಲಾಕಿಯನ ಪುಸ್ತಕದಿಂದ ತೆಗೆದ ಮಾತು. ಅಲ್ಲಿ ಮಾತು ಏಸಾವನ ವಂಶದ ಎದೋಮ್ ಜನಾಂಗದ ಬಗ್ಗೆ, ಒಬ್ಬ ಮನುಷ್ಯನ ಆತ್ಮದ ಬಗ್ಗೆ ಅಲ್ಲ. ಆ ಭಾಷೆಯಲ್ಲಿ "ದ್ವೇಷ" ಅಂದರೆ ಎರಡನೇ ಜಾಗ ಕೊಡುವುದು ಅಂತಲೂ ಆಗುತ್ತೆ. ತಂದೆ ತಾಯಿಯನ್ನು ದ್ವೇಷಿಸದವನು ನನ್ನ ಶಿಷ್ಯನಾಗಲಾರ ಅಂತ ಯೇಸು ಹೇಳಿದ್ದು ಮನೆಯಲ್ಲಿ ಹೊಡೆದಾಡಿ ಅಂತಲ್ಲವಲ್ಲ. ಮೇಲಾಗಿ ಧರ್ಮೋಪದೇಶಕಾಂಡ 2ರಲ್ಲಿ ದೇವರು ಇಸ್ರಾಯೇಲರಿಗೆ ಹೇಳುತ್ತಾನೆ: ಸೇಯೀರ್ ಬೆಟ್ಟವನ್ನು ನಾನು ಏಸಾವನಿಗೆ ಕೊಟ್ಟಿದ್ದೇನೆ, ಅದರಲ್ಲಿ ಹೆಜ್ಜೆ ಇಡುವಷ್ಟು ನೆಲವೂ ನಿಮಗಿಲ್ಲ. ಬಿಟ್ಟುಬಿಟ್ಟವನಿಗೆ ಯಾರಾದರೂ ಹೊಲ ಬರೆದುಕೊಡುತ್ತಾರಾ?

ಡೋರ್ಟ್ ಹುಡುಗನಿಗೆ ಸಣ್ಣ ತಿದ್ದುಪಡಿ. ಆ ಐದು ಅಂಶ ಬರುವಾಗ ಕ್ಯಾಲ್ವಿನ್ ಸತ್ತು 54 ವರ್ಷ ಆಗಿತ್ತು. ಪಾಪ, ಅವನ ಹೆಸರಿಗೆ ಬಹಳ ಸಾಲ ಬಿದ್ದಿದೆ.

ಗೋಳಗುಮ್ಮಟದ ಪಿಸುಮಾತು

ನಾನು ಕ್ರಿಶ್ಚಿಯನ್ ಅಲ್ಲ, ವಿಜಯಪುರದ ಮಾಧ್ವ. ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಓದುತ್ತಾ ನಮ್ಮ ಮಠದ ಪಾಠ ನೆನಪಾಯಿತು. ಮಧ್ವಾಚಾರ್ಯರ ಮತದಲ್ಲಿ ಜೀವರು ಮೂರು ಬಗೆ. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ಮೂರನೆಯವರಿಗೆ ಬಿಡುಗಡೆ ಇಲ್ಲ. ಚಿಕ್ಕವನಿದ್ದಾಗ ನಾನು ಯಾವ ಬಗೆ ಅಂತ ಹೆದರಿ ನಿದ್ದೆ ಬರುತ್ತಿರಲಿಲ್ಲ. ಅಜ್ಜ ಹೇಳಿದ್ದು ಒಂದೇ ಮಾತು: "ಆ ಪ್ರಶ್ನೆ ಕೇಳಿ ಅಂಜಾವ ಮೂರನೇದವ ಅಲ್ಲ, ಮಲ್ಕೋ."

ಶ್ರೀವೈಷ್ಣವರಲ್ಲೂ ನಿಮ್ಮಂಥದ್ದೇ ಜಗಳ ಇದೆ. ಮಂಗನ ಮರಿ ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿ ಸುಮ್ನೆ ಇದ್ದರೆ ಸಾಕು, ತಾಯಿಯೇ ಕಚ್ಚಿಕೊಂಡು ಹೋಗುತ್ತೆ. ವಡಗಲೆಯವರದು ಮಂಗ, ತೆಂಗಲೆಯವರದು ಬೆಕ್ಕು. ಇಲ್ಲಿ ಕುಂದಾ ಪ್ರಿಯರು ಮಂಗ, ಡೋರ್ಟ್ ಹುಡುಗ ಬೆಕ್ಕು. ಬೈದಿದ್ದಲ್ಲ!

ಡೋರ್ಟ್ ಹುಡುಗ

ಬೆಕ್ಕಿನ ಹೋಲಿಕೆ ಒಪ್ಪಿದೆ, ನಿಜಕ್ಕೂ ಚೆನ್ನಾಗಿದೆ. ಆದರೆ ಮೂರು ಬಗೆಯ ಜೀವರ ಮಾತು ನಮ್ಮದಲ್ಲ. ನಿಮ್ಮಲ್ಲಿ ವ್ಯತ್ಯಾಸ ಜೀವದ ಸ್ವಭಾವದಲ್ಲೇ ಇದೆ, ಅಲ್ವಾ? ನಮ್ಮಲ್ಲಿ ಸ್ವಭಾವ ಎಲ್ಲರದೂ ಒಂದೇ, ಎಲ್ಲರೂ ಒಂದೇ ಥರ ಕೆಟ್ಟವರು. ಆರಿಸಲ್ಪಟ್ಟವನಲ್ಲಿ ಒಂದು ಕಾಳಿನಷ್ಟೂ ವಿಶೇಷ ಇಲ್ಲ. ಒಂದೇ ಮಣ್ಣಿನ ಮುದ್ದೆಯಿಂದ ಕುಂಬಾರ ಒಂದನ್ನು ಗೌರವಕ್ಕೆ, ಇನ್ನೊಂದನ್ನು ಹೀನ ಕೆಲಸಕ್ಕೆ ಮಾಡುತ್ತಾನೆ. ರೋಮಾಪುರ 9:21.

ಗೋಳಗುಮ್ಮಟದ ಪಿಸುಮಾತು

ಹೌದು, ಸ್ವಭಾವದಲ್ಲೇ. ಹಾಗೆ ನೋಡಿದರೆ ನಿಮ್ಮದೇ ಹೆಚ್ಚು ಕಷ್ಟ. ನಮ್ಮಲ್ಲಿ ಯಾಕೆ ಅಂತ ಕೇಳಿದರೆ ಅವನ ಸ್ವಭಾವ ಅನ್ನಬಹುದು. ನಿಮ್ಮಲ್ಲಿ ಯಾಕೆ ಅಂದರೆ ಬರೀ ದೇವರ ಇಷ್ಟ. ಇನ್ನು ಮಾತಾಡಲ್ಲ, ಓದುತ್ತಿರುತ್ತೇನೆ.

ಕ್ಯಾಂಪಿನ ಕ್ಯಾಥೊಲಿಕ್

ನಮ್ಮಲ್ಲೂ ಈ ಜಗಳ ಆಗಿದೆ, ಜೋರಾಗೇ ಆಗಿದೆ. ಕೃಪೆ ಮೊದಲು ದೇವರಿಂದಲೇ ಅಂತ ಅಗಸ್ಟೀನರು, ಮನುಷ್ಯ ತನ್ನ ಪ್ರಯತ್ನದಿಂದಲೇ ಒಳ್ಳೆಯವನಾಗಬಲ್ಲ ಅಂದ ಪೆಲಾಜಿಯಸ್ ವಿರುದ್ಧ ಬರೆದದ್ದನ್ನು ನಾವೂ ಒಪ್ಪುತ್ತೇವೆ. 529ರಲ್ಲಿ ಫ್ರಾನ್ಸಿನ ಆರೆಂಜ್ ಊರಿನಲ್ಲಿ ಕೂಡಿದ ಸಭೆ ಅದನ್ನೇ ಹೇಳಿತು. ಜೊತೆಗೆ, ದೇವರು ಯಾರನ್ನಾದರೂ ಕೆಟ್ಟದ್ದಕ್ಕೆ ನೇಮಿಸಿದ್ದಾನೆ ಅನ್ನುವವರನ್ನು ಶಪಿಸಿತು. ಈಗಿನ ನಮ್ಮ ಧರ್ಮೋಪದೇಶದಲ್ಲೂ ದೇವರು ಯಾರನ್ನೂ ನರಕಕ್ಕೆ ಮುಂದಾಗಿ ನೇಮಿಸಿಲ್ಲ ಅಂತ ಸ್ಪಷ್ಟವಾಗಿದೆ.

ಮಜಾ ಇರೋದು ಮುಂದೆ. ಕೃಪೆ ಮತ್ತು ಮನುಷ್ಯನ ಇಚ್ಛೆ ಹೇಗೆ ಒಟ್ಟಿಗೆ ಕೆಲಸ ಮಾಡುತ್ತವೆ ಅಂತ ನಮ್ಮ ಎರಡು ಗುರುಗಳ ಸಂಘಗಳಾದ ಡೊಮಿನಿಕನ್ನರಿಗೂ ಜೆಸ್ವಿತರಿಗೂ ಹೊತ್ತಿಕೊಂಡಿತು. ರೋಮ್‌ನಲ್ಲಿ ವರ್ಷಗಟ್ಟಲೆ ವಿಚಾರಣೆ. ಕೊನೆಗೆ 1607ರಲ್ಲಿ ಪೋಪ್ ಐದನೇ ಪೌಲರು ಯಾರ ಕಡೆಗೂ ತೀರ್ಪು ಕೊಡಲಿಲ್ಲ. ಒಬ್ಬರನ್ನೊಬ್ಬರು ಪಾಷಂಡಿ ಅನ್ನಬೇಡಿ ಅಂತ ಹೇಳಿ ಮನೆಗೆ ಕಳಿಸಿದರು. ಆ ಕೇಸ್ ಇವತ್ತಿಗೂ ಹಾಗೇ ಇದೆ.

ಅಕ್ಕಾ, ಇನ್ನೊಂದು. ನಮ್ಮಲ್ಲಾಗಿದ್ದರೆ ನಿಮ್ಮ ಅವ್ವ ಮಗನ ಹೆಸರಿನಲ್ಲಿ ಪೂಜೆ ಕೊಡಿಸಬಹುದಿತ್ತು. ನಿಮ್ಮಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಇಲ್ಲ ಅಂತ ಗೊತ್ತು. ಆದರೆ ತಾಯಿಯ ಕೈಗೆ ಏನಾದರೂ ಕೆಲಸ ಬೇಕು.

ಕುಂದಾ ಪ್ರಿಯ

ಡೋರ್ಟ್ ತಮ್ಮನಿಗೆ ಒಂದು ಪ್ರಶ್ನೆ. ಪಟ್ಟಿ ಮೊದಲೇ ಆಗಿದ್ದರೆ ಸುವಾರ್ತೆ ಯಾಕೆ ಸಾರಬೇಕು? ಭಾನುವಾರ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಹಂಚುವುದು ಯಾಕೆ? ನೀನೂ ಹಂಚುತ್ತೀಯ ಅಂತ ಅಂದುಕೊಂಡಿದ್ದೇನೆ.

ಡೋರ್ಟ್ ಹುಡುಗ

ಹಂಚುತ್ತೇನೆ. ಯಾರ ಬೆನ್ನ ಮೇಲೂ ಹೆಸರು ಬರೆದಿಲ್ಲ, ಅದಕ್ಕೇ ಎಲ್ಲರಿಗೂ ಹಂಚುತ್ತೇನೆ. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಆಯ್ಕೆಯನ್ನು ನಂಬುವ ಬ್ಯಾಪ್ಟಿಸ್ಟರ ಗುಂಪಿನವನೇ. ಆ ನಂಬಿಕೆ ಅವನನ್ನು ಮನೆಯಲ್ಲಿ ಕೂರಿಸಲಿಲ್ಲ.

ಖಾನಾಪುರದ ಅಕ್ಕ

ಎಲ್ಲರ ಮಾತನ್ನೂ ಓದಿದೆ. ಅರ್ಧ ಅರ್ಥವಾಯಿತು. ಮೇಷ್ಟ್ರ ಸೇಯೀರ್ ಬೆಟ್ಟದ ಮಾತು ಅವ್ವನಿಗೆ ಹೇಳಿದೆ. "ಹೊಲ ಕೊಟ್ಟಿದ್ನಾ?" ಅಂತ ಎರಡು ಸಲ ಕೇಳಿದಳು.

ಕುಂಬಾರನ ಮಾತು ಬಂತಲ್ಲ, ಅದರ ಬಗ್ಗೆ ಒಂದು ಹೇಳಬೇಕು. ನಮ್ಮ ಮನೆ ಹಿಂದಿನ ಓಣಿಯಲ್ಲೇ ಕುಂಬಾರರ ಮನೆಗಳಿವೆ. ಖಾನಾಪುರದ ಮಣ್ಣು ಗಡಿಗೆ, ಕುಂಡ, ಹಂಚಿಗೆ ಹೆಸರಾದದ್ದು. ನಿನ್ನೆ ಸಂಜೆ ಅಲ್ಲಿ ಹೋಗಿ ಕೂತೆ. ಚಿಕ್ಕವಳಿದ್ದಾಗ ತಮ್ಮ ನಾನು ಇಬ್ಬರೂ ಅಲ್ಲೇ ಬಿದ್ದಿರುತ್ತಿದ್ದೆವು.

ಕಾಕಾ ಮಣ್ಣು ಹದ ಮಾಡುತ್ತಿದ್ದರು. ಮೊದಲು ಕಾಲಿನಿಂದ ತುಳಿಯೋದು, ಆಮೇಲೆ ಮುದ್ದೆ ಮಾಡಿ ಕೈಯಲ್ಲಿ ಹಿಸುಕಿ ಹಿಸುಕಿ ಹರಳು ಹುಡುಕೋದು. ಕಣ್ಣಿಗೆ ಕಾಣದ ಹರಳು ಬೆರಳಿಗೆ ಸಿಗುತ್ತೆ. ಒಂದು ಉಳಿದರೂ ಆವಿಗೆಯಲ್ಲಿ ಅಲ್ಲೇ ಸೀಳುತ್ತೆ ಅಂತೆ. ತಿಗರಿ ಮೇಲೆ ಒಂದು ಗಡಿಗೆ ಎದ್ದಿತು. ಕತ್ತಿನ ಹತ್ತಿರ ಬರುವಾಗ ಅಲುಗಾಡಿತು, ಬಾಯಿ ಸೊಟ್ಟಗಾಯಿತು. ಕಾಕಾ ಏನೂ ಅನ್ನಲಿಲ್ಲ. ಅಂಗೈಯಿಂದ ಒತ್ತಿ ಮುದ್ದೆ ಮಾಡಿದರು, ನೀರು ಚಿಮುಕಿಸಿದರು, ಮತ್ತೆ ಎತ್ತಿದರು. ಅದೇ ಮಣ್ಣು. ಯೆರೆಮೀಯ 18ರಲ್ಲಿ ಹೀಗೇ ಇದೆ ಅಂತ ನೆನಪಾಗಿ ನನಗೆ ಖುಷಿಯಾಯಿತು. ಡೋರ್ಟ್ ಹುಡುಗನಿಗೆ ಬರೆಯೋಕೆ ಉತ್ತರ ಸಿಕ್ಕಿತು ಅಂದುಕೊಂಡೆ.

ಸುಮ್ನೆ ಇರಬೇಕಿತ್ತು. ಕೇಳಿಬಿಟ್ಟೆ, "ಕಾಕಾ, ಒಡೀಲಿ ಅಂತ ಯಾವನಾದ್ರೂ ಗಡಿಗಿ ಮಾಡ್ತಾನೇನು?"

ಕಾಕಾ ತಲೆ ಎತ್ತದೆ ಹೇಳಿದರು. "ಮಾಡ್ತೀವಲ್ಲವಾ. ಹೆಣದ ಮುಂದ ಒಡಿಯೂ ಗಡಿಗಿ ಮತ್ಯಾರ್ ಮಾಡ್ತಾರ?"

ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದರು. ಸಣ್ಣವು. ನನಗೆ ಅಲ್ಲಿಂದ ಏಳೋಕೇ ಆಗಲಿಲ್ಲ.

ಡೋರ್ಟ್ ಹುಡುಗ

ಅಕ್ಕಾ, ಇದಕ್ಕೆ ಈಗ ಏನು ಬರೆದರೂ ತಪ್ಪಾಗುತ್ತೆ. ನಾಳೆ ಬರೆಯುತ್ತೇನೆ.

ಸಂಡೇ ಸ್ಕೂಲ್ ಬಾಯಿ

ನಾನು 22 ವರ್ಷದಿಂದ ಬಾಗಲಕೋಟೆ ಕಡೆ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಇಷ್ಟು ಹೊತ್ತು ಗಂಡಸರೆಲ್ಲ 9ನೇ ಅಧ್ಯಾಯದ 11, 13, 21 ಅಂತ ಎಸೆದಾಡುತ್ತಿರುವುದನ್ನು ನೋಡುತ್ತಿದ್ದೆ. ಒಬ್ಬರಾದರೂ ಅಧ್ಯಾಯವನ್ನು ಶುರುವಿನಿಂದ ಓದಲಿಲ್ಲವಲ್ಲ.

ಖಾನಾಪುರದ ತಂಗೀ, ಪುಸ್ತಕ ತೆಗಿ. ರೋಮಾಪುರದವರಿಗೆ 9, ಮೊದಲ ಮೂರು ವಚನ. ನನಗೆ ಮಹಾ ದುಃಖ ಇದೆ, ಎದೆಯಲ್ಲಿ ಬಿಡದ ನೋವಿದೆ ಅನ್ನುತ್ತಾನೆ ಪೌಲ. ಯಾರಿಗಾಗಿ? ಕ್ರಿಸ್ತನನ್ನು ಒಪ್ಪದ ತನ್ನ ಸ್ವಂತ ಜನಕ್ಕಾಗಿ. ಒಡಹುಟ್ಟಿದವರು ಅಂತಲೇ ಕರೆಯುತ್ತಾನೆ. ಅವರಿಗೋಸ್ಕರ ನಾನೇ ಶಾಪಗ್ರಸ್ತನಾಗಿ ಕ್ರಿಸ್ತನಿಂದ ದೂರವಾದರೂ ಆಗಲಿ ಅನ್ನುತ್ತಾನೆ. ಈಗ ನಿನ್ನ ಅವ್ವ ಏನು ಹೇಳಿದಳು? ಅವನ ಹೆಸರಿಲ್ಲದ ಪಟ್ಟಿಯಲ್ಲಿ ನನ್ನದು ಬೇಡ ಅಂದಳು. ಅದು ಅವಿಶ್ವಾಸ ಅಂತ ಯಾರಾದರೂ ಅಂದರೆ ಪೌಲನಿಗೂ ಹಾಗೇ ಅನ್ನಲಿ. ಮೋಶೆಗೂ ಅನ್ನಲಿ. ಬಂಗಾರದ ಕರು ಮಾಡಿದ ಜನರನ್ನು ಕ್ಷಮಿಸದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೂ ಅಳಿಸು ಅಂತ ಅವನು ದೇವರ ಎದುರಿಗೇ ಹೇಳಿದ. ವಿಮೋಚನಕಾಂಡ 32:32.

ಏಸಾವ, ಫರೋಹ, ಕುಂಬಾರ ಎಲ್ಲ ಬರುವುದು ಈ ಅಳುವಿನ ನಂತರ. ಅಳು ಬಿಟ್ಟು ಕುಂಬಾರನನ್ನಷ್ಟೇ ತೆಗೆದುಕೊಂಡರೆ ಪತ್ರವನ್ನು ಅರ್ಧ ಹರಿದು ಓದಿದ ಹಾಗೆ. ಪತ್ರ ಅಲ್ಲಿಗೇ ಮುಗಿಯುವುದೂ ಇಲ್ಲ. 10ನೇ ಅಧ್ಯಾಯದ ಮೊದಲ ಸಾಲಿನಲ್ಲಿ ಅದೇ ಜನರ ರಕ್ಷಣೆಗಾಗಿ ಪ್ರಾರ್ಥಿಸುತ್ತಾನೆ. ಪಟ್ಟಿ ಮುಗಿದಿದೆ ಅಂತ ಅವನಿಗೆ ಅನಿಸಿದ್ದರೆ ಪ್ರಾರ್ಥನೆ ಯಾಕೆ? 11ರ 32ಕ್ಕೆ ಬಂದಾಗ ಹೇಳುತ್ತಾನೆ, ಎಲ್ಲರಿಗೂ ಕರುಣೆ ತೋರಿಸಬೇಕೆಂದೇ ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಮುಚ್ಚಿಟ್ಟ ಅಂತ. ಆ "ಎಲ್ಲರಿಗೂ" ಅನ್ನೋದನ್ನು ಹೇಗೆ ಅರ್ಥ ಮಾಡಬೇಕು ಅಂತ ದೊಡ್ಡವರು ಕಿತ್ತಾಡಲಿ. ನನ್ನ ಕ್ಲಾಸಿನ ಮಕ್ಕಳು ಅದನ್ನು ಎಲ್ಲರಿಗೂ ಅಂತಲೇ ಓದುತ್ತಾರೆ.

ನವನಗರ ಮುಳುಗಡೆ

ಬಾಯಾರೇ, ನಮಸ್ಕಾರ. ಇದನ್ನು ಮೊದಲೇ ಬರೆಯಬಾರದಿತ್ತಾ? ನನ್ನ ಬಿಪಿ ಉಳೀತಿತ್ತು.

ಡೋರ್ಟ್ ಹುಡುಗ

ನಿನ್ನೆ ರಾತ್ರಿ ಕೂತು ಓದಿದೆ. ಮೂರು ಮಾತು ಒಪ್ಪಬೇಕು, ಒಂದು ಒಪ್ಪಲ್ಲ.

ಆ ಬೋಧಕರು ಓದಿದ ವಚನ 1 ಯೋಹಾನ 2:19 ಇರಬೇಕು. "ಅವರು ನಮ್ಮನ್ನು ಬಿಟ್ಟು ಹೊರಟುಹೋದರು, ಆದರೆ ನಮ್ಮವರಾಗಿರಲಿಲ್ಲ" ಅನ್ನುವುದು. ಅದರ ಹಿಂದಿನ ವಚನ, ಮುಂದಿನ 22ನೇ ವಚನ ಓದಿದರೆ ಅದು ಕ್ರಿಸ್ತವಿರೋಧಿಗಳ ಬಗ್ಗೆ, ಯೇಸು ಕ್ರಿಸ್ತನೇ ಅಲ್ಲ ಅಂತ ಬೋಧಿಸುತ್ತಿದ್ದವರ ಬಗ್ಗೆ. ಕಮಿಟಿ ಜೊತೆ ಜಗಳ ಆಗಿ ಚಹಾದಂಗಡಿಯಲ್ಲಿ ಕೂತವನ ಬಗ್ಗೆ ಅಲ್ಲ. ಅದನ್ನು ನಿಮ್ಮ ತಮ್ಮನಿಗೆ ಅಂಟಿಸಿದ್ದು ತಪ್ಪು. ನಾನು ನಂಬುವ ಬೋಧನೆಯ ಲೆಕ್ಕದಲ್ಲೇ ತಪ್ಪು.

ಎರಡನೆಯದು. 1566ರಲ್ಲಿ ಸ್ವಿಸ್ ಸಭೆಗಳು ಹೊರತಂದ ವಿಶ್ವಾಸದ ಅರಿಕೆ ಒಂದಿದೆ. ಬರೆದದ್ದು ಜ್ಯೂರಿಕ್‌ನ ಬುಲ್ಲಿಂಗರ್, ಆಯ್ಕೆಯನ್ನು ಗಟ್ಟಿಯಾಗಿ ಒಪ್ಪಿದವನು. ಅದರ 10ನೇ ಅಧ್ಯಾಯ ಇದರ ಬಗ್ಗೆಯೇ. ತನ್ನವರು ಯಾರು ಅಂತ ದೇವರಿಗೆ ಗೊತ್ತು, ಆದರೂ ನಾವು ಎಲ್ಲರ ಬಗ್ಗೆಯೂ ಒಳ್ಳೆಯದನ್ನೇ ನಿರೀಕ್ಷಿಸಬೇಕು, ಯಾರನ್ನೂ ದುಡುಕಿ ತಿರಸ್ಕೃತ ಅನ್ನಬಾರದು ಅಂತ ಅದರಲ್ಲಿದೆ. ಇದನ್ನು ನಾನು ಮೊದಲೂ ಓದಿದ್ದೆ. ಕಣ್ಣಿಗೆ ಬಿದ್ದಿರಲಿಲ್ಲ. ಕ್ಯಾಲ್ವಿನ್ ಕೂಡ ನಮ್ಮ ಆಯ್ಕೆಯನ್ನು ಕ್ರಿಸ್ತ ಅನ್ನುವ ಕನ್ನಡಿಯಲ್ಲಿ ಮಾತ್ರ ನೋಡಿಕೊಳ್ಳಬೇಕು ಅನ್ನುತ್ತಾನೆ. ಆ ಕನ್ನಡಿ ನಮ್ಮ ಮುಖ ನೋಡಿಕೊಳ್ಳೋಕೆ. ಪಕ್ಕದವನದ್ದು ನೋಡೋಕಲ್ಲ.

ಮೂರನೆಯದು ಗಡಿಗೆ. 9:22ರಲ್ಲಿ ನಾಶಕ್ಕೆ ಸಿದ್ಧವಾದ ಪಾತ್ರೆಗಳು ಅಂತಿದೆ. ಯಾರು ಸಿದ್ಧ ಮಾಡಿದರು ಅಂತ ಅಲ್ಲಿ ಹೇಳಿಲ್ಲ. ಮುಂದಿನ ವಚನದಲ್ಲಿ ಕರುಣೆಯ ಪಾತ್ರೆಗಳನ್ನು ಮಾತ್ರ ದೇವರೇ ಮುಂಚಿತವಾಗಿ ಸಿದ್ಧ ಮಾಡಿದ ಅಂತ ನೇರವಾಗಿದೆ. ಮೂಲ ಗ್ರೀಕಿನಲ್ಲೂ ಹೀಗೇ ಬೇರೆ ಬೇರೆ. ಆ ನಾಶದ ಪಾತ್ರೆಗಳನ್ನೂ ದೇವರು ಬಹಳ ತಾಳ್ಮೆಯಿಂದ ಸಹಿಸಿಕೊಂಡ ಅಂತಿದೆ. ಹೆಣದ ಮುಂದೆ ಒಡೆಯುವ ಗಡಿಗೆಯನ್ನು ಯಾರೂ ಸಹಿಸಿಕೊಂಡು ಇಟ್ಟುಕೊಳ್ಳಲ್ಲ. ಹೋಲಿಕೆ ಅಲ್ಲಿಗೆ ನಿಲ್ಲುತ್ತೆ.

ಒಪ್ಪದ ಮಾತು: ಆಯ್ಕೆ ಇಲ್ಲ ಅಂತ ನಾನು ಹೇಳಲಾರೆ. ನಾನು 19ನೇ ವಯಸ್ಸಿನಿಂದ 24ರ ತನಕ ಕುಡಿಯುತ್ತಿದ್ದೆ. ನಾನಾಗಿ ಬಿಟ್ಟಿದ್ದಲ್ಲ, ನಾನಾಗಿ ಬಂದಿದ್ದೂ ಅಲ್ಲ. ಯಾರೋ ಕಾಲರ್ ಹಿಡಿದು ಎಳೆದ ಹಾಗಿತ್ತು. ಅದನ್ನು ನನ್ನ ಜಾಣತನ ಅಂತ ಬರೆದುಕೊಳ್ಳೋಕೆ ನನಗೆ ನಾಚಿಕೆ. ಅಷ್ಟಕ್ಕೇ ನಾನು ಈ ಬೋಧನೆ ಹಿಡಿದುಕೊಂಡದ್ದು. ಮೊದಲ ದಿನ ನಾನು ಬರೆದದ್ದು ನಿಮಗೆ ಉತ್ತರ ಆಗಿರಲಿಲ್ಲ ಅಕ್ಕಾ. ಕ್ಷಮಿಸಿ.

ಕುಂದಾ ಪ್ರಿಯ

ತಮ್ಮಾ, ಕಾಲರ್ ಹಿಡಿದು ಎಳೆದದ್ದು ನಾನೂ ಒಪ್ಪುತ್ತೇನೆ. ನಮ್ಮ ವೆಸ್ಲಿ ಕೂಡ ದೇವರ ಕೃಪೆಯೇ ಮೊದಲು ಬರುತ್ತೆ ಅಂದವನು. ಆದರೆ ಎಲ್ಲರ ಕಾಲರಿಗೂ ಆ ಕೈ ಬರುತ್ತೆ, ಕೆಲವರು ಅಂಗಿ ಬಿಚ್ಚಿ ಓಡುತ್ತಾರೆ ಅಂತ ನನ್ನ ವಾದ. ನೀನು ಬಿಚ್ಚೋಕಾಗಲ್ಲ ಅಂತೀಯ. ಇದು ಇವತ್ತಿಗೆ ಮುಗಿಯಲ್ಲ ಬಿಡು. ವೆಸ್ಲಿಗೂ, ಆಯ್ಕೆಯನ್ನು ನಂಬಿದ ಅವನ ಗೆಳೆಯ ಬೋಧಕ ವೈಟ್‌ಫೀಲ್ಡ್‌ಗೂ ಇದೇ ವಿಷಯಕ್ಕೆ ಬಹಿರಂಗ ಜಗಳ ಆಗಿತ್ತು. 1770ರಲ್ಲಿ ವೈಟ್‌ಫೀಲ್ಡ್ ಸತ್ತಾಗ ಲಂಡನ್ನಿನಲ್ಲಿ ಸ್ಮರಣೆಯ ಪ್ರಸಂಗ ಮಾಡಿದ್ದು ವೆಸ್ಲಿಯೇ. ನಾನು ಮೊದಲು ಹೋದರೆ ನೀನು ಬಾ. ಕುಂದಾ ಇರುತ್ತೆ.

ಖಾನಾಪುರದ ಅಕ್ಕ

ಮೂರು ದಿನ ಬರೆಯೋಕಾಗಲಿಲ್ಲ.

ಬಾಯಾರು ಹೇಳಿದ ಮೂರು ವಚನ ಅವ್ವನಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು. ಬಡಿಯೋದು ನಿಲ್ಲಿಸಲಿಲ್ಲ, ಸದ್ದು ಮಾತ್ರ ಸಣ್ಣದಾಯಿತು. "ಇನ್ನೊಮ್ಮಿ ಓದು" ಅಂದಳು. ಓದಿದೆ. ಮೋಶೆಯದ್ದನ್ನೂ ಓದಿದೆ. ಹಂಚಿನ ಮೇಲಿದ್ದ ರೊಟ್ಟಿ ಕಪ್ಪಾಗುವ ತನಕ ಇಬ್ಬರಿಗೂ ಗೊತ್ತಾಗಲಿಲ್ಲ.

ಆಮೇಲೆ ಅವ್ವ ಕೇಳಿದಳು, "ಮುಂದ ಪೌಲನ ತಮ್ಮಂದಿರು ಏನಾದ್ರು?"

ಗೊತ್ತಿಲ್ಲವ್ವ, ಬರೆದಿಲ್ಲ ಅಂದೆ. "ಅವಗೂ ಗೊತ್ತಿರಲಿಲ್ಲೇನು?" ಅಂದಳು. ಗೊತ್ತಿರಲಿಲ್ಲ ಅನಿಸುತ್ತೆ ಅಂದೆ. "ಹಂಗಾದ್ರ ಆ ಪಾಸ್ಟರ್‌ಗ ಹೆಂಗ ಗೊತ್ತಾತು?" ಅಂದಳು. ಮಾರ್ಚ್‌ನಿಂದ ಈಚೆಗೆ ಅವ್ವನ ದನಿಯಲ್ಲಿ ಸಿಟ್ಟು ಕೇಳಿದ್ದು ಇದೇ ಮೊದಲು. ನನಗೆ ಎಷ್ಟು ಸಮಾಧಾನ ಆಯಿತು ಅಂದರೆ ಹೇಳೋಕಾಗಲ್ಲ.

ಈ ಭಾನುವಾರ ಕರ್ತನ ಭೋಜನ ಇದೆ. ತೆಗೆದುಕೊಳ್ಳುತ್ತಾಳೋ, ಎದ್ದು ಹೋಗುತ್ತಾಳೋ ಗೊತ್ತಿಲ್ಲ. ಬೆಳಿಗ್ಗೆ ಪೆಟ್ಟಿಗೆಯಿಂದ ಒಂದು ಸೀರೆ ತೆಗೆದು, ಇಸ್ತ್ರಿಗೆ ಕೊಟ್ಟು ಬಾ ಅಂದಿದ್ದಾಳೆ.

ನವನಗರ ಮುಳುಗಡೆ

ಇಳಕಲ್ ಸೀರೆ ಆದರೆ ಸೆರಗು ರೇಷ್ಮೆ ಇರುತ್ತೆ ತಂಗೀ. ಬಿಸಿ ಕಮ್ಮಿ ಇಡೋಕೆ ಹೇಳು ಇಸ್ತ್ರಿಯವನಿಗೆ. ನಮ್ಮವಳದ್ದು ಒಂದು ಸುಟ್ಟು ಹಾಕಿದ್ದಾರೆ.